ಮೀನಿಲ್ಲದ ಆರು ವಾರ

ಪ್ರತಿ ವರ್ಷ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಮೂರು ಐಟಂ ಗ್ಯಾರಂಟಿ: ಲೈನ್ ಫಾಲೋವರ್ ರೋಬೋ, ಸ್ಮಾರ್ಟ್ ಡಸ್ಟ್‌ಬಿನ್, ಸ್ಮಾರ್ಟ್ ಅಕ್ವೇರಿಯಂ. ಮೊದಲ ಎರಡರ ಬಗ್ಗೆ ನನಗೇನೂ ತಕರಾರಿಲ್ಲ. ಡಸ್ಟ್‌ಬಿನ್ ಮುಚ್ಚಳ ತೆರೀಲಿಲ್ಲ ಅಂದ್ರೆ ಯಾರೂ ಸಾಯಲ್ಲ. ಅಕ್ವೇರಿಯಂ ಹಾಗಲ್ಲ. ಅದರಲ್ಲೂ ಈಗಿನ ಕ್ರೇಜ್ ರೀಫ್ ಟ್ಯಾಂಕ್, ಅಂದರೆ ಉಪ್ಪು ನೀರು, ಹವಳ, ಸಮುದ್ರದ ಮೀನು. ನೀಲಿ ಲೈಟ್ ಕೆಳಗೆ ಹೊಳೆಯೋ ಹವಳದ ರೀಲ್ಸ್ ನೋಡಿ, "ಒಂದು ಇಎಸ್‌ಪಿ32 ಬೋರ್ಡ್, ನಾಲ್ಕು ಸೆನ್ಸರ್, ಒಂದು ಆ್ಯಪ್, ಮುಗೀತು ಗುರು" ಅನ್ನೋರು ನನ್ನ ಕ್ಲಾಸಲ್ಲೇ ಇದ್ದಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ರೀಫ್ ಟ್ಯಾಂಕ್ ಇಡಬೇಕು ಅನ್ನೋರು ಮೊದಲು ಆರು ವಾರ ಮೀನೂ ಇಲ್ಲದ, ಹವಳವೂ ಇಲ್ಲದ ಟ್ಯಾಂಕನ್ನ ನೋಡಿಕೊಳ್ಳಬೇಕು. ಉಪ್ಪು ನೀರು, ಕಲ್ಲು, ಪಂಪ್. ಅಷ್ಟೇ. ದಿನಾ ಅದರ ಮುಂದೆ ಕೂತು ನೀರು ಟೆಸ್ಟ್ ಮಾಡಿ ನೋಟ್‌ಬುಕ್‌ನಲ್ಲಿ ಬರೀಬೇಕು. ಅದು ಬೋರ್ ಅನ್ಸಿದ್ರೆ ಅಲ್ಲಿಗೇ ನಿಲ್ಲಿಸಬೇಕು. ಯಾಕಂದ್ರೆ ರೀಫ್ ಟ್ಯಾಂಕ್‌ನ ಆರೋಗ್ಯ ನಿಂತಿರೋದು ಗ್ಯಾಜೆಟ್ ಮೇಲಲ್ಲ, ಏನೂ ಬದಲಾಗದ ಹಾಗೆ ನೋಡಿಕೊಳ್ಳೋ ತಾಳ್ಮೆಯ ಮೇಲೆ. ಹವಳ ಇಟ್ಕೊಳ್ಳೋದಕ್ಕೆ ನಮ್ಮ ದೇಶದಲ್ಲಿ ಕಾನೂನು ಏನು ಹೇಳುತ್ತೆ ಅನ್ನೋದೂ ಇದೆ, ಅದಕ್ಕೆ ಕೊನೇಲಿ ಬರ್ತೀನಿ.

ಹವಳ ಕಲ್ಲಲ್ಲ

ಹವಳ ಅಂದ್ರೆ ನಮ್ಮ ಮನೆಗಳಲ್ಲಿ ನೆನಪಾಗೋದು ಉಂಗುರ, ಇಲ್ಲಾಂದ್ರೆ ಅಜ್ಜಿಯ ಹವಳದ ಸರ. ಹಾಗಾಗಿ ಅದು ಕಲ್ಲು ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. ಹವಳ ಪ್ರಾಣಿ. ಜೆಲ್ಲಿ ಮೀನಿನ ಸಂಬಂಧಿ. ಪಾಲಿಪ್ ಅನ್ನೋ ಪುಟ್ಟ ಪುಟ್ಟ ಜೀವಿಗಳು ಸಾವಿರಗಟ್ಟಲೆ ಸೇರಿ, ನೀರಲ್ಲಿರೋ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಹೀರಿಕೊಂಡು, ತಮ್ಮ ಕೆಳಗೆ ಸುಣ್ಣದ ಮನೆ ಕಟ್ತಾ ಹೋಗುತ್ವೆ. ನಾವು ಕಲ್ಲು ಅಂತ ನೋಡೋದು ಆ ಮನೆಯನ್ನ.

ಪಾಲಿಪ್‌ನ ಮೈಯೊಳಗೆ ಬಾಡಿಗೆದಾರರೂ ಇದ್ದಾರೆ. ಜೂಕ್ಸಾಂಥೆಲೇ ಅನ್ನೋ ಸೂಕ್ಷ್ಮ ಪಾಚಿ. ಬೆಳಕಿನಿಂದ ಆಹಾರ ತಯಾರಿಸಿ, ಅದರ ದೊಡ್ಡ ಪಾಲನ್ನ ಹವಳಕ್ಕೆ ಕೊಡೋದು ಇದೇ. ನೀರು ಬಿಸಿಯಾದ್ರೆ ಈ ಸಂಬಂಧ ಕೆಡುತ್ತೆ. ಹವಳ ಪಾಚಿಯನ್ನ ಹೊರಗೆ ಹಾಕುತ್ತೆ, ಬಣ್ಣ ಹೋಗಿ ಬೆಳ್ಳಗಾಗುತ್ತೆ, ಹಾಗೇ ಮುಂದುವರಿದ್ರೆ ಹಸಿವಿನಿಂದ ಸಾಯುತ್ತೆ. ಸಮುದ್ರದಲ್ಲಿ ಇದಕ್ಕೆ ಏಳೆಂಟು ಡಿಗ್ರಿ ಏರಿಕೆ ಬೇಕಾಗಿಲ್ಲ. ಆ ಜಾಗದ ಮಾಮೂಲಿ ಬೇಸಿಗೆಗಿಂತ ಒಂದೇ ಒಂದು ಡಿಗ್ರಿ ಜಾಸ್ತಿ ಕೆಲವು ವಾರ ಇದ್ರೆ ಸಾಕು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೇ ಸಲ ಇಂಥ ಸಾಮೂಹಿಕ ಬಿಳಿಚಿಕೊಳ್ಳುವಿಕೆ ನಡೀತಿದೆ ಅಂತ ಘೋಷಿಸಿದ್ರು. ಇಡೀ ಸಮುದ್ರದಲ್ಲೇ ಒಂದು ಡಿಗ್ರಿಗೆ ಹೀಗಾಗುತ್ತೆ ಅಂದ್ರೆ, ಕಿಟಕಿ ಪಕ್ಕ ಇಟ್ಟಿರೋ 100 ಲೀಟರ್ ಗಾಜಿನ ಡಬ್ಬಿಯ ಕಥೆ ಏನು?

ನೂರು ಲೀಟರ್ ಲೆಕ್ಕ

ಲೆಕ್ಕ ಮಾಡಿ ನೋಡೋಣ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. 100 ಲೀಟರ್ ಟ್ಯಾಂಕಿಗೆ ಮೂರೂವರೆ ಕೆಜಿ. (ಅಡುಗೆ ಉಪ್ಪಲ್ಲ. ಮೆಗ್ನೀಷಿಯಂ, ಕ್ಯಾಲ್ಸಿಯಂ ಎಲ್ಲ ಸೇರಿರೋ ಸಮುದ್ರದ ಉಪ್ಪಿನ ಮಿಕ್ಸ್.) ಬೇಸಿಗೆ, ಮೇಲೆ ಫ್ಯಾನ್ ಹಾಕಿದೀರ, ದಿನಕ್ಕೆ 2 ಲೀಟರ್ ಆವಿಯಾಗ್ತಿದೆ ಅಂತಿಟ್ಕೊಳ್ಳಿ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ಇಂಟರ್ನಲ್ಸ್ ಅಂತ ಐದು ದಿನ ಆ ಕಡೆ ತಲೆ ಹಾಕಲಿಲ್ಲ. ಈಗ 90 ಲೀಟರ್ ನೀರಲ್ಲಿ ಅದೇ ಮೂರೂವರೆ ಕೆಜಿ. ಲೀಟರಿಗೆ 39 ಗ್ರಾಂ ಹತ್ತಿರ ಬಂತು. ಹೆಚ್ಚು ಕಡಿಮೆ ಕೆಂಪು ಸಮುದ್ರದ ಉಪ್ಪು!

ಈಗ ಗಾಬರಿಯಾಗಿ ಒಂದೇ ಸಲ 10 ಲೀಟರ್ ಸುರೀತೀವಿ. ಮೀಟರ್ ಮತ್ತೆ 35 ತೋರಿಸುತ್ತೆ, ನಮಗೆ ಸಮಾಧಾನ. ಆದ್ರೆ ಹವಳಕ್ಕೆ ಅದು ಎರಡನೇ ಏಟು. ಐದು ದಿನದಲ್ಲಿ ಆದ ಬದಲಾವಣೆ ಐದು ನಿಮಿಷದಲ್ಲಿ ವಾಪಸ್ ಆಯ್ತಲ್ಲ! ದಿನಾ ಬೆಳಗ್ಗೆ 2 ಲೀಟರ್ ಉಪ್ಪಿಲ್ಲದ ಶುದ್ಧ ನೀರು ಹಾಕಿದ್ರೆ ಈ ರಾಮಾಯಣವೇ ಇರ್ತಿರಲಿಲ್ಲ.

ಆ ಶುದ್ಧ ನೀರೂ ಸುಲಭಕ್ಕೆ ಸಿಗಲ್ಲ. ಬೋರ್‌ವೆಲ್ ನೀರಲ್ಲಿ ಏನೇನಿರುತ್ತೋ ಅದೆಲ್ಲ ಟ್ಯಾಂಕಲ್ಲಿ ಸೇರ್ತಾ ಹೋಗುತ್ತೆ. ನಲ್ಲಿ ನೀರಲ್ಲಿ ಕ್ಲೋರಿನ್. ಮನೆಯ ಆರ್‌ಒ ಇದೆಯಲ್ಲ ಅಂದ್ರೆ, ಕುಡಿಯೋಕೆ ರುಚಿ ಇರಲಿ ಅಂತ ಎಷ್ಟೋ ಮಾಡೆಲ್‌ಗಳಲ್ಲಿ ಸ್ವಲ್ಪ ಖನಿಜ ವಾಪಸ್ ಸೇರಿಸೋ ವ್ಯವಸ್ಥೆ ಇರುತ್ತೆ. ರೀಫ್‌ಗೆ ಬೇಕಾಗಿರೋದು ಟಿಡಿಎಸ್ ಸೊನ್ನೆ ಇರೋ ನೀರು.

ಇನ್ನೊಂದು ವಿಷಯ. ಚಿಕ್ಕ ಟ್ಯಾಂಕ್ ಸುಲಭ, ದೊಡ್ಡದು ಕಷ್ಟ ಅಂತ ಎಲ್ಲರೂ ಅಂದುಕೊಳ್ತಾರೆ. ಉಲ್ಟಾ. ನೀರು ಜಾಸ್ತಿ ಇದ್ದಷ್ಟೂ ಬಿಸಿ, ಉಪ್ಪು, ಕೊಳೆ ಎಲ್ಲ ನಿಧಾನಕ್ಕೆ ಬದಲಾಗುತ್ತೆ, ನಮಗೆ ಎಚ್ಚೆತ್ತುಕೊಳ್ಳೋಕೆ ಟೈಮ್ ಸಿಗುತ್ತೆ. ಟೇಬಲ್ ಮೇಲಿನ 20 ಲೀಟರ್ ಟ್ಯಾಂಕ್ ಅನುಭವಸ್ಥರ ಆಟ.

ಹೆಪ್ಪು ಹಾಕಿದ ಹಾಗೆ

ಆರು ವಾರ ಯಾಕೆ? ಮೀನು ಉಸಿರಾಡುವಾಗ, ಹಿಕ್ಕೆ ಹಾಕಿದಾಗ ನೀರಿಗೆ ಅಮೋನಿಯಾ ಸೇರುತ್ತೆ. ಉಳಿದ ಆಹಾರ ಕೊಳೆತಾಗಲೂ ಅದೇ. ಅಮೋನಿಯಾ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ನೈಟ್ರೇಟ್ ಸ್ವಲ್ಪ ಇದ್ರೆ ತೊಂದರೆ ಇಲ್ಲ, ನೀರು ಬದಲಿಸುವಾಗ ಹೋಗುತ್ತೆ. ಈ ಬ್ಯಾಕ್ಟೀರಿಯಾ ಕಲ್ಲಿನ ಸಂದುಗಳಲ್ಲಿ ಮನೆ ಮಾಡಿಕೊಂಡು ಸಾಕಷ್ಟು ಬೆಳೆಯೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಇದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪು ಹಾಕಿ ಸುಮ್ಮನೆ ಇಡಬೇಕು. ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಅಲ್ಲಾಡಿಸಿದ್ರೆ ಮೊಸರಾಗಲ್ಲ. ಖಾಲಿ ಟ್ಯಾಂಕಿಗೆ ಚಿಟಿಕೆ ಮೀನಿನ ಆಹಾರ ಹಾಕಿ, ಅಮೋನಿಯಾ ಏರೋದು, ಆಮೇಲೆ ಇಳಿಯೋದು, ನೈಟ್ರೈಟ್ ಏರಿ ಇಳಿಯೋದು, ಕೊನೆಗೆ ನೈಟ್ರೇಟ್ ಕಾಣಿಸೋದು, ಈ ಮೂರು ಗ್ರಾಫನ್ನ ದಿನಾ ಬರೆದು ನೋಡಿ. ಕಣ್ಣಿಗೆ ಕಾಣದ ಜೀವಿಗಳು ಕೆಲಸ ಮಾಡೋದು ಕಾಗದದ ಮೇಲೆ ಕಾಣುತ್ತೆ. ನನ್ನ ಪ್ರಕಾರ ಮೀನಿಗಿಂತ ಇದೇ ಇಂಟರೆಸ್ಟಿಂಗ್. ನೀರು ತಿಳಿಯಾಗಿದೆ ಅಂತ ಮಾರನೇ ದಿನವೇ ಮೀನು ತಂದು ಬಿಡೋದು, ಅದು ಮೂರು ದಿನಕ್ಕೆ ಸತ್ತರೆ "ಅಂಗಡಿಯವನು ಮೋಸ ಮಾಡಿದ" ಅನ್ನೋದು, ಇದು ನಿಲ್ಲಬೇಕು.

ಇಲ್ಲಿ ನಮ್ಮ ಸೆನ್ಸರ್‌ಗಳ ಬಂಡವಾಳವೂ ಬಯಲಾಗುತ್ತೆ. ಪ್ರಾಜೆಕ್ಟ್‌ಗಳಲ್ಲಿ ಹಾಕೋ ಅಗ್ಗದ ಟಿಡಿಎಸ್ ಸೆನ್ಸರ್ ಸಾಮಾನ್ಯವಾಗಿ 1000 ಪಿಪಿಎಂವರೆಗೆ ಅಳೆಯುತ್ತೆ. ಸಮುದ್ರದ ನೀರು 35,000 ಪಿಪಿಎಂ. ಪಿಎಚ್ ಪ್ರೋಬ್‌ಗೆ ಆಗಾಗ ಬಫರ್ ದ್ರಾವಣದಲ್ಲಿ ಕ್ಯಾಲಿಬ್ರೇಷನ್ ಮಾಡದಿದ್ರೆ ಅದು ಹೇಳೋದೆಲ್ಲ ಬುರುಡೆ. ಇನ್ನು ನಿಜವಾಗಿ ಮುಖ್ಯವಾದ ಅಮೋನಿಯಾ, ನೈಟ್ರೈಟ್, ಆಲ್ಕಲಿನಿಟಿ ಇವನ್ನ ಸಾವಿರ ರೂಪಾಯಿ ಸೆನ್ಸರ್ ಅಳೆಯಲ್ಲ. ಪಿಯು ಲ್ಯಾಬ್ ಥರ ಟೆಸ್ಟ್ ಟ್ಯೂಬ್, ಹನಿ ಹನಿ ರೀಏಜೆಂಟ್, ಬಣ್ಣ ನೋಡಿ ಲೆಕ್ಕ. ಆ್ಯಪ್‌ನಲ್ಲಿ ಎಲ್ಲ ಹಸಿರು ತೋರಿಸುವಾಗಲೇ ಒಳಗೆ ಮೀನು ಸಾಯ್ತಿರಬಹುದು.

ಸರಿ ಮಾಡೋ ಚಟ

ಕಂಟ್ರೋಲ್ ಸಿಸ್ಟಮ್ಸ್ ಓದಿರೋರಿಗೆ ಗೊತ್ತು, ನಿಧಾನಕ್ಕೆ ಪ್ರತಿಕ್ರಿಯಿಸೋ ಸಿಸ್ಟಮ್‌ಗೆ ಜೋರಾಗಿ ಕರೆಕ್ಷನ್ ಕೊಟ್ಟರೆ ಓವರ್‌ಶೂಟ್ ಆಗುತ್ತೆ. ರೀಫ್ ಟ್ಯಾಂಕ್ ಅದರ ಜೀವಂತ ಉದಾಹರಣೆ. ಹವಳ ಸುಣ್ಣದ ಮನೆ ಕಟ್ಟೋದರಿಂದ ನೀರಿನ ಆಲ್ಕಲಿನಿಟಿ, ಕ್ಯಾಲ್ಸಿಯಂ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಆಲ್ಕಲಿನಿಟಿಯನ್ನ ಡಿಕೆಎಚ್ ಅನ್ನೋ ಅಳತೆಯಲ್ಲಿ 8ರ ಆಸುಪಾಸು, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ ಇಡೋದು ವಾಡಿಕೆ. ಆಲ್ಕಲಿನಿಟಿ 6ಕ್ಕೆ ಇಳಿದಿದ್ರೆ ಒಂದೇ ದಿನ 9ಕ್ಕೆ ಎತ್ತಬಾರದು. ದಿನಕ್ಕೆ ಒಂದಕ್ಕಿಂತ ಹೆಚ್ಚು ಬದಲಾಗದ ಹಾಗೆ ನಿಧಾನಕ್ಕೆ ತರಬೇಕು. 7.5ರಲ್ಲಿ ಅಲ್ಲಾಡದೆ ನಿಂತಿರೋ ಟ್ಯಾಂಕ್, 7ಕ್ಕೂ 10ಕ್ಕೂ ಜೋಕಾಲಿ ಆಡೋ ಟ್ಯಾಂಕ್‌ಗಿಂತ ಎಷ್ಟೋ ಆರೋಗ್ಯವಾಗಿರುತ್ತೆ.

ಪಿಎಚ್ ಉದಾಹರಣೆ ನನಗೆ ತುಂಬ ಇಷ್ಟ. ಕಿಟಕಿ ಮುಚ್ಚಿದ ರೂಮಲ್ಲಿ ಮೂರು ಜನ ಮಲಗಿದ್ರೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತೆ. ಅದು ನೀರಿಗೆ ಸೇರಿ ಪಿಎಚ್ ಇಳಿಸುತ್ತೆ. ಮೀಟರ್ ನೋಡಿದೋರು ಓಡಿಹೋಗಿ ಪಿಎಚ್ ಏರಿಸೋ ಬಾಟಲಿ ತಂದು ಸುರೀತಾರೆ. ಅಲ್ಲಿ ಬೇಕಾಗಿದ್ದ ಔಷಧಿ ಕಿಟಕಿ ತೆಗೆಯೋದು. ಖರ್ಚು ಸೊನ್ನೆ.

ಹಾಗಂತ ನಾನು ಆಟೊಮೇಷನ್ ವಿರೋಧಿ ಅಲ್ಲ. ಆವಿಯಾದಷ್ಟು ನೀರನ್ನ ತಾನಾಗಿಯೇ ಹಾಕೋ ಫ್ಲೋಟ್ ಸ್ವಿಚ್ ಮತ್ತು ಪುಟ್ಟ ಪಂಪ್, ಈ ಹವ್ಯಾಸದಲ್ಲಿ ಅದಕ್ಕಿಂತ ಉಪಯುಕ್ತ ಸರ್ಕ್ಯೂಟ್ ಇಲ್ಲ. ಹೀಟರ್ ವಿಷಯಕ್ಕೆ ಬನ್ನಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ನೀರನ್ನ 25 ಡಿಗ್ರಿಯಲ್ಲಿ ಇಡೋಕೆ ಹೀಟರ್ ಬೇಕು. ಅದರ ಥರ್ಮೋಸ್ಟಾಟ್ ಆನ್ ಆಗಿಯೇ ಅಂಟಿಕೊಂಡ್ರೆ ಬೆಳಗ್ಗೆ ಹೊತ್ತಿಗೆ ಟ್ಯಾಂಕಲ್ಲಿ ಸಾರು. ಅದಕ್ಕೆ 200 ವ್ಯಾಟ್‌ನ ಒಂದರ ಬದಲು 100 ವ್ಯಾಟ್‌ನ ಎರಡು ಹಾಕಿ, ಬೇರೆ ಕಂಟ್ರೋಲರ್ ಒಂದನ್ನ ಮೇಲೆ ಕಾವಲಿಗಿಡಿ. ಒಂದು ಕೆಟ್ಟು ನಿಂತರೆ ಇನ್ನೊಂದು ನೋಡಿಕೊಳ್ಳುತ್ತೆ, ಒಂದು ಅಂಟಿಕೊಂಡರೂ ಬಿಸಿ ಏರೋದು ನಿಧಾನ. ಮಂಗಳೂರಿನ ಬೇಸಿಗೆಯಲ್ಲಿ ಸಮಸ್ಯೆ ತಿರುಗುಮುರುಗು. ಅಲ್ಲಿ ಗಾಳಿಯಲ್ಲೇ ತೇವ ಇರೋದರಿಂದ ಫ್ಯಾನ್ ಹಾಕಿದ್ರೂ ನೀರು ಅಷ್ಟು ತಣ್ಣಗಾಗಲ್ಲ, ಚಿಲ್ಲರ್ ಬೇಕಾಗುತ್ತೆ. ಕರೆಂಟ್ ಹೋದ್ರೆ? ಪಂಪ್ ನಿಲ್ಲುತ್ತೆ, ನೀರಲ್ಲಿ ಆಮ್ಲಜನಕ ಇಳಿಯುತ್ತೆ. ಬ್ಯಾಟರಿ ಮೇಲೆ ಓಡೋ ಏರ್ ಪಂಪ್ ಒಂದು ಸಾಕು ಜೀವ ಉಳಿಸೋಕೆ. ಇದೆಲ್ಲ ನಿಜವಾದ ಎಂಜಿನಿಯರಿಂಗ್: ಯಾವುದು ಕೆಟ್ಟರೆ ಏನಾಗುತ್ತೆ ಅಂತ ಮೊದಲೇ ಯೋಚಿಸೋದು. ದಿನಾ ಮಾಡಲೇಬೇಕಾದ ಬೇಸರದ ಕೆಲಸ ಯಂತ್ರ ಮಾಡಲಿ. ಏನು ಬದಲಿಸಬೇಕು, ಬದಲಿಸಬಾರದು ಅನ್ನೋ ನಿರ್ಧಾರ ನೋಟ್‌ಬುಕ್ ನೋಡಿ ನಾವು ಮಾಡೋಣ.

ಮೀನು ತರೋ ದಿನ

ಆರು ವಾರ ದಾಟಿದ ಮೇಲೂ ಅವಸರ ಬೇಡ. ಹೊಸ ಮೀನನ್ನ ನೇರವಾಗಿ ಟ್ಯಾಂಕಿಗೆ ಬಿಡದೆ, ಬೇರೆ ಟ್ಯಾಂಕಲ್ಲಿ ಒಂದು ತಿಂಗಳು ಕ್ವಾರಂಟೈನ್ ಮಾಡಬೇಕು. ಕೋವಿಡ್ ನೋಡಿದ ನಮ್ಮ ಬ್ಯಾಚ್‌ಗೆ ಈ ಪದ ವಿವರಿಸಬೇಕಾಗಿಲ್ಲ. ಸಮುದ್ರದ ಮೀನಿಗೆ ಬರೋ ಬಿಳಿ ಚುಕ್ಕೆ ರೋಗದ ಪರಾವಲಂಬಿ ಜೀವಿ ಮೀನಿನ ಮೈ ಬಿಟ್ಟು ತಳಕ್ಕೆ ಬಿದ್ದಾಗ ರೋಗ ವಾಸಿಯಾಯ್ತು ಅನ್ಸುತ್ತೆ. ತಳದಲ್ಲಿ ಅದು ನೂರಾರಾಗಿ ಒಡೆದು ಮತ್ತೆ ಮೇಲೆ ಬರುತ್ತೆ. ತಾಮ್ರದ ಔಷಧಿ ಕೆಲಸ ಮಾಡುತ್ತೆ. ಆದರೆ ಅದೇ ತಾಮ್ರ ಹವಳ, ಸಿಗಡಿ, ಬಸವನಹುಳು ಎಲ್ಲವನ್ನೂ ಕೊಲ್ಲುತ್ತೆ. ಅಂದರೆ ರೀಫ್ ಟ್ಯಾಂಕ್ ಒಳಗೆ ರೋಗ ಬಂದಮೇಲೆ ಅಲ್ಲೇ ಔಷಧಿ ಹಾಕೋ ಹಾಗಿಲ್ಲ. ಮೀನುಗಳನ್ನೆಲ್ಲ ಹೊರಗೆ ತೆಗೆದು, ಟ್ಯಾಂಕನ್ನ ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಬಿಡಬೇಕು. ಒಂದು ತಿಂಗಳು ಕಾಯೋಕೆ ಆಗದವರು ಎರಡೂವರೆ ತಿಂಗಳು ಕಾಯಬೇಕಾಗುತ್ತೆ.

ಯಾವ ಮೀನು ಅನ್ನೋದೂ ಮುಖ್ಯ. ಸಿನಿಮಾದ ಡೋರಿ, ಅಂದರೆ ಬ್ಲೂ ಟ್ಯಾಂಗ್, ಅಂಗಡಿಯಲ್ಲಿ ಬೆರಳುದ್ದ ಇರುತ್ತೆ. ಬೆಳೆದರೆ ಸುಮಾರು 30 ಸೆಂಟಿಮೀಟರ್. ಹಾಸ್ಟೆಲ್ ಟೇಬಲ್ ಮೇಲೆ ಅದಕ್ಕೆ ಜಾಗ ಇಲ್ಲ. ನೀಮೋ, ಅಂದರೆ ಕ್ಲೌನ್ ಮೀನು, ಬೇರೆ ಥರ. ಅದನ್ನ ತೊಟ್ಟಿಗಳಲ್ಲೇ ಮರಿ ಮಾಡಿಸಬಹುದು. ನಮ್ಮದೇ ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಕ್ಲೌನ್ ಮೀನುಗಳನ್ನ ಹ್ಯಾಚರಿಯಲ್ಲಿ ಬೆಳೆಸೋ ವಿಧಾನ ರೂಪಿಸಿದೆ. ಸಮುದ್ರದಿಂದ ಹಿಡಿದು ತಂದ ಮೀನಿಗಿಂತ ತೊಟ್ಟಿಯಲ್ಲೇ ಹುಟ್ಟಿದ ಮೀನು ನಮ್ಮ ಟ್ಯಾಂಕಿಗೂ ಬೇಗ ಹೊಂದಿಕೊಳ್ಳುತ್ತೆ.

ಈಗ ಹವಳದ ಕಾನೂನು. ರೀಲ್ಸ್‌ನಲ್ಲಿ ಕಾಣೋದು ಬಹುಪಾಲು ಬೇರೆ ದೇಶದ ಟ್ಯಾಂಕ್‌ಗಳು. ಅಲ್ಲಿ ಹವಳದ ಚೂರು ಕತ್ತರಿಸಿ, ಅಂಟಿಸಿ, ಬೆಳೆಸಿ ಮಾರೋದು ಒಂದು ಉದ್ಯಮವೇ ಆಗಿದೆ. ಇಲ್ಲಿ ಹಾಗಲ್ಲ. ರೀಫ್ ಕಟ್ಟೋ ಎಲ್ಲ ಗಟ್ಟಿ ಹವಳಗಳೂ ಸಮುದ್ರ ಬೀಸಣಿಗೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ. ಹುಲಿ ಇರೋದೂ ಅದೇ ಪಟ್ಟಿಯಲ್ಲಿ. ಸಮುದ್ರ ಕುದುರೆ ಕೂಡ. ಹಾಗಾಗಿ ಯಾರಾದ್ರೂ ಪ್ಲಾಸ್ಟಿಕ್ ಕವರ್‌ನಲ್ಲಿ ಗಟ್ಟಿ ಹವಳದ ತುಂಡು ತಂದು "ಸ್ಟೂಡೆಂಟ್ ರೇಟ್" ಅಂದ್ರೆ, ಎಲ್ಲಿಂದ ಬಂತು, ಕಾಗದ ಎಲ್ಲಿ ಅಂತ ಕೇಳಿ. ತಡವರಿಸಿದ್ರೆ ಎದ್ದು ಬನ್ನಿ. ಮನ್ನಾರ್ ಕೊಲ್ಲಿಯಲ್ಲೋ ಲಕ್ಷದ್ವೀಪದಲ್ಲೋ ಬಿಸಿ ನೀರಿನ ಜೊತೆ ಹೋರಾಡ್ತಿರೋ ಹವಳವನ್ನ ಕಿತ್ತು ತಂದು ನಮ್ಮ ರೂಮಲ್ಲಿ ಸಾಯಿಸಿ, ಅದಕ್ಕೆ ಪ್ರಕೃತಿ ಪ್ರೇಮ ಅಂತ ಹೆಸರಿಡೋದು ಬೇಡ.

ಹಾಗಾದ್ರೆ ಉಳಿದಿದ್ದೇನು ಅಂತ ಕೇಳಬಹುದು. ತುಂಬಾ ಇದೆ. ಕಲ್ಲು, ಬ್ಯಾಕ್ಟೀರಿಯಾ, ಹ್ಯಾಚರಿಯ ಎರಡು ಕ್ಲೌನ್ ಮೀನು, ಒಂದು ನೋಟ್‌ಬುಕ್. ಆ ಎರಡು ಮೀನನ್ನ ಎರಡು ವರ್ಷ ಆರೋಗ್ಯವಾಗಿ ಇಟ್ಟವರಿಗೆ ಹವಳ ಸಾಕೋದಕ್ಕೆ ಏನೇನು ಬೇಕು ಅನ್ನೋದರ ಮುಕ್ಕಾಲು ಪಾಲು ಆಗಲೇ ಗೊತ್ತಿರುತ್ತೆ. ಹವಳ ನೋಡಲೇಬೇಕು ಅಂದ್ರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ, ಡೈವಿಂಗ್ ಮಾಡಿ. ನಮ್ಮ ರಾಜ್ಯದಲ್ಲೇ, ಅದರ ಮನೆಯಲ್ಲೇ ಅದು ಸಿಗುತ್ತೆ. ಮುಟ್ಟಬೇಡಿ, ಕೀಳಬೇಡಿ, ನೋಡಿ ಬನ್ನಿ.

ಅಲ್ಲಿವರೆಗೆ, ನಿಜವಾಗಲೂ ಆಸಕ್ತಿ ಇರೋರು ಈ ಸೆಮ್‌ನಲ್ಲೇ ಖಾಲಿ ಟ್ಯಾಂಕ್ ಶುರು ಮಾಡಿ. ಮುಂದಿನ ಸಂಚಿಕೆ ಬರೋ ಹೊತ್ತಿಗೆ ನಿಮ್ಮ ಅಮೋನಿಯಾ ಗ್ರಾಫ್ ಸೊನ್ನೆಗೆ ಇಳಿದಿರಬೇಕು. ಇಳಿದಿದ್ರೆ ನನಗೆ ತೋರಿಸಿ, ಕ್ಯಾಂಟೀನ್‌ನಲ್ಲಿ ಕಾಫಿ ನನ್ನದು.