ಬಾಣಂತಿಯ ಕೋಣೆಯ ಕೆಂಡವೂ ಎಚ್ಚರಿಕೆಯ ಗಂಟೆಯೂ

ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಜನರು ಇಂದು ಗೃಹಿಣಿಯರಾಗಿಯೂ ತಾಯಂದಿರಾಗಿಯೂ, ಕೆಲವರು ಅಜ್ಜಿಯರಾಗಿಯೂ ಇರುವದರಿಂದ, ಶಾಲೆಯ ಏಳಿಗೆಯ ವೃತ್ತಾಂತವನ್ನು ಈ ಸಂಚಿಕೆಯ ಇತರ ಲೇಖಕರಿಗೆ ಬಿಟ್ಟು, ಮನೆವಾರ್ತೆಗೆ ಸಂಬಂಧಪಟ್ಟ ಒಂದು ವಿಷಯವನ್ನು ಅವರ ಮುಂದೆಯೂ ಪಾಲಕರ ಮುಂದೆಯೂ ಇಡಲು ಇಚ್ಛಿಸುತ್ತೇನೆ. ಬೆಂಕಿ ಉರಿಯುವ ಪ್ರತಿಯೊಂದು ಮನೆಯಲ್ಲಿ, ವಿಶೇಷವಾಗಿ ಬಾಣಂತಿ ಮಲಗುವ ಮನೆಯಲ್ಲಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವನ್ನು ಗುರುತಿಸಿ ಕೂಗುವ ಅಲಾರ್ಮ್ ಯಂತ್ರವೊಂದನ್ನು ಇಡತಕ್ಕದ್ದೆಂಬದೇ ನನ್ನ ಅಭಿಪ್ರಾಯವು.

ಕಟ್ಟಿಗೆ, ಕುಳ್ಳು, ಇದ್ದಲಿ, ಅಡಿಗೆಯ ಗ್ಯಾಸು, ಇವುಗಳಲ್ಲಿ ಯಾವದೇ ಆಗಲಿ, ಸಾಕಷ್ಟು ಗಾಳಿ ದೊರೆಯದೆ ಉರಿದಲ್ಲಿ ಈ ವಾಯುವು ಹುಟ್ಟುವದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಉರಿಯೂ ಇಲ್ಲ. ಉಸಿರಿನೊಡನೆ ಒಳಹೊಕ್ಕು, ರಕ್ತದಲ್ಲಿರುವ ಹಿಮೋಗ್ಲೋಬಿನ್ನಿಗೆ ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ಪ್ರಾಣವಾಯುವಿಗೆ ಸ್ಥಳವಿಲ್ಲದಂತೆ ಮಾಡುವದು. ಬಸುರಿಯು ಇದನ್ನು ಸೇವಿಸಿದರೆ ಗರ್ಭದಲ್ಲಿಯ ಶಿಶುವಿಗೂ ಮುಟ್ಟುವದು. ಶಿಶುವಿನ ರಕ್ತವನ್ನು ಬಿಟ್ಟುಹೋಗಲು ಅದು ತಾಯಿಯ ರಕ್ತಕ್ಕಿಂತ ಹೆಚ್ಚು ಕಾಲವನ್ನು ತೆಗೆದುಕೊಳ್ಳುವದು. ನಮ್ಮ ಹೆಂಗಸರ ಮೂಗು ಬಲು ಚುರುಕಾದದ್ದೆಂಬದು ನಿಜ. ಒಬ್ಬಳ ಮನೆಯ ಹಾಲು ಸೀದದ್ದು ನೆರೆಮನೆಯವಳಿಗೆ ಮೊದಲು ತಿಳಿಯುವದುಂಟು. ಅಡಿಗೆಯ ಗ್ಯಾಸು ಸೋರಿದಾಗ ತಿಳಿಯಲೆಂದು ಅದಕ್ಕೆ ದುರ್ವಾಸನೆಯ ದ್ರವ್ಯವನ್ನು ಬೇಕೆಂದೇ ಬೆರೆಸಿರುತ್ತಾರೆ. ಆದರೆ ಅದೇ ಗ್ಯಾಸು ಅರೆಬರೆಯಾಗಿ ಉರಿದು ಹುಟ್ಟಿಸುವ ವಿಷದ ಮುಂದೆ ಎಂಥ ಮೂಗೂ ನಿರುಪಯೋಗಿಯು.

ಈಗ ನಮ್ಮ ಸೀಮೆಯ ಬಾಣಂತಿಯ ಕೋಣೆಯನ್ನು ನೋಡಿರಿ. ಮಗಳು ತವರಿಗೆ ಬಂದಳೆಂದರೆ ಆಕೆಗೆ ಗಾಳಿ ಸೋಕದ ಒಳಗಿನ ಕೋಣೆ; ಕಿಟಕಿಗೆ ಚಾದರ; ಬಾಗಿಲ ಸಂದಿಗೆ ಹಳೆಯ ಅರಿವೆ; ಹೊರಸಿನ ಕೆಳಗೋ ಮಗ್ಗುಲಲ್ಲೋ ಕೆಂಡದ ಶೆಗಡಿ; ಕೂಸಿಗೆ ನೀರೆರೆದ ಮೇಲೆ ಲೋಬಾನದ ಹೊಗೆ. ಹಿರಿಯರು ಅಜಾಗರೂಕರಲ್ಲ. ಹೊಗೆ ಅಡಗಿ ಕೆಂಡವು ನಿಗಿನಿಗಿಯಾದ ಮೇಲೆಯೇ ಒಳಗೆ ತರಬೇಕೆಂದು ಅವರು ಕಟ್ಟುನಿಟ್ಟಾಗಿ ಹೇಳುವರು. ದುರ್ದೈವದಿಂದ ಈ ವಿಷದ ಮಟ್ಟಿಗೆ ಆ ಜಾಗರೂಕತೆಯು ನಿಷ್ಫಲವಾದದ್ದು. ಹೊಗೆಯಾದರೂ ಕಣ್ಣುಗಳನ್ನು ಉರಿಸಿ ನಮ್ಮನ್ನು ಹೊರಕ್ಕೆ ಅಟ್ಟುತ್ತಿತ್ತು. ಹೊಗೆಯಿಲ್ಲದ ಕೆಂಡವು ಅಟ್ಟದೆ ವಿಷವನ್ನು ಬಿಡುತ್ತಲೇ ಇರುವದು.

ಇದಕ್ಕಿಂತ ಕಠಿಣವಾದ ಮಾತೊಂದುಂಟು. ಈ ವಿಷವೇರುವದರ ಮೊದಲನೆಯ ಲಕ್ಷಣಗಳು ತಲೆನೋವು, ತಲೆಸುತ್ತು, ಓಕರಿಕೆ, ನಿಶ್ಶಕ್ತಿ, ಮಂಪರು. ಹೆತ್ತು ಮೂರು ದಿನವಾದ ಹೆಣ್ಣಿಗೆ ಇವುಗಳಲ್ಲಿ ಯಾವದು ಹೊಸತು? ತಲೆ ನೋಯುತ್ತದೆಂದು ಆಕೆ ಹೇಳಿದರೆ "ಥಂಡಿ ಹೊಕ್ಕಿದೆ" ಎನ್ನುವರು. ಕಿವಿಗೆ ಅರಳೆಯಿಟ್ಟು, ಕಿಟಕಿಯನ್ನು ಇನ್ನಷ್ಟು ಬಿಗಿದು, ಶೆಗಡಿಗೆ ಇನ್ನೆರಡು ಹಿಡಿ ಇದ್ದಲಿಯನ್ನು ಸುರಿಯುವರು. ಕೂಸಂತೂ ಏನನ್ನೂ ಹೇಳಲಾರದು. ಸುಖವಾಗಿ ನಿದ್ದೆಹೋಗಿದೆ ಎಂದುಕೊಳ್ಳುವರು. ಇಂಥಲ್ಲಿ ಯಾರ ಬುದ್ಧಿಯೂ ಸಾಲದು. ತಾಯಿ ಹೇಳಿದ್ದನ್ನು ಮಗಳು ಮೀರಲಾರಳು, ಅತ್ತೆ ಹೇಳಿದ್ದನ್ನು ಸೊಸೆ ಮೀರಲಾರಳು. ಯಂತ್ರಕ್ಕಾದರೋ ಯಾರ ದಾಕ್ಷಿಣ್ಯವೂ ಇಲ್ಲ.

"ನಮ್ಮ ಅಜ್ಜಿಯರೆಲ್ಲ ಹೀಗೆಯೇ ಬಾಣಂತನ ಮಾಡಲಿಲ್ಲವೇ?" ಎಂದು ಕೇಳುವವರುಂಟು. ಮಾಡಿದರು, ಆದರೆ ಅವರು ಮಾಡಿದ್ದು ಮಣ್ಣಿನ ಮಾಳಿಗೆಯ ಮನೆಯಲ್ಲಿ. ಆ ಮಾಳಿಗೆಗೆ ಬೆಳಕಿಂಡಿಯಿತ್ತು. ಹಲಗೆಯ ಬಾಗಿಲಿಗೆ ಬೆರಳು ತೂರುವಷ್ಟು ಸಂದಿಯಿತ್ತು. ಇಂದಿನ ಸಿಮೆಂಟಿನ ಮನೆಗೆ ಬೆಳಕಿಂಡಿಯಿಲ್ಲ. ಸರಿಸುವ ಗಾಜಿನ ಕಿಟಕಿಯನ್ನು ಮುಚ್ಚಿದರೆ ಕೋಣೆಯು ಡಬ್ಬಿಯೇ ಸರಿ. ಮನೆ ಬದಲಾದ ಮೇಲೆಯೂ ಪದ್ಧತಿ ಬದಲಾಗದಿದ್ದರೆ ಅಜ್ಜಿಯರ ಸಾಕ್ಷ್ಯವು ನಡೆಯುವದಿಲ್ಲ. ತಿಕೋಟಾ ಕಡೆಯ ನಮ್ಮ ಪಾಲಕರು ಒಣದ್ರಾಕ್ಷಿಗೆ ಗಾಳಿ ಬೇಕೆಂದು ನಾಲ್ಕೂ ಕಡೆ ತೆರೆದ ಶೆಡ್ಡುಗಳನ್ನು ಕಟ್ಟಿಸುತ್ತಾರೆ. ಹಡೆದ ಮಗಳಿಗೆ ಅಷ್ಟು ಗಾಳಿಯನ್ನು ನಾವು ಕೇಳುತ್ತಿಲ್ಲ. ಒಂದು ಕಿಟಕಿಯಾದರೂ ತೆರೆದಿರಲಿ. ಕಾವು ಬೇಕಾದರೆ ಶೆಗಡಿಯನ್ನು ಅಂಗಳದಲ್ಲಿಟ್ಟು, ಅರಿವೆಯನ್ನು ಕಾಸಿ ಒಳಗೆ ತಂದರಾಯಿತು. ಇದಕ್ಕೆ ಕಾಸೂ ಖರ್ಚಿಲ್ಲ.

ಆಪತ್ತು ಬಾಣಂತಿಯೊಬ್ಬಳಿಗೇ ಅಲ್ಲ. 2025ರ ನವೆಂಬರಿನಲ್ಲಿ ನಮ್ಮ ನೆರೆಯ ಬೆಳಗಾವಿಯಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಲಿಯ ಬೆಂಕಿಯನ್ನಿಟ್ಟು ಮಲಗಿದ ಮೂವರು ತರುಣರು ಬೆಳಗಾಗುವದರೊಳಗೆ ಇಲ್ಲವಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಗ್ಯಾಸ್ ಗೀಸರ್ ಇದ್ದ ಬಚ್ಚಲಮನೆಯಲ್ಲಿ ಅಕ್ಕತಂಗಿಯರಿಬ್ಬರು ತೀರಿಹೋದರು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಪ್ರವಾಸಕ್ಕೆ ಹೋದ ಕೇರಳದ ಎಂಟು ಜನರು, ಅವರಲ್ಲಿ ನಾಲ್ವರು ಮಕ್ಕಳು, ವಸತಿಗೃಹದ ಕೋಣೆಯಲ್ಲಿ ಗ್ಯಾಸಿನ ಹೀಟರ್ ಹಚ್ಚಿ ಮಲಗಿದವರು ಏಳಲಿಲ್ಲ.

ನಮ್ಮ ಊರಿನಲ್ಲಿ ಚಳಿಯು ಕಡುವಾಗಿರುವಾಗಲೇ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯು ಬರುವದು. ಗುಡಿಯ ಸುತ್ತಲಿನ ಓಣಿಗಳ ಮನೆಗಳಲ್ಲಿ ತಿಕೋಟಾ, ಬಬಲೇಶ್ವರಗಳಿಂದ ಬಂದ ಬೀಗರು ತುಂಬಿರುವರು. ಬೆಳಗಿನ ಜಾವದಲ್ಲಿ ಒಬ್ಬರ ಹಿಂದೊಬ್ಬರು ಬಚ್ಚಲಿಗೆ ಹೋಗುವರು. ಕಿಂಡಿಯನ್ನು ಚಳಿಗೆ ಮುಚ್ಚಿರುವರು. ಗೀಸರು ಆರದೆ ಉರಿಯುತ್ತಿರುವದು. ಮೊದಲು ಮಿಂದವರಿಗೆ ಏನೂ ಆಗದಿರಬಹುದು. ಐದನೆಯವಳ ಪಾಲಿಗೆ ಆ ಸಣ್ಣ ಕೋಣೆಯಲ್ಲಿ ಪ್ರಾಣವಾಯುವು ಕಡಿಮೆಯಾಗಿ ವಿಷವು ಏರಿರುವದು. ಗೀಸರನ್ನು ಬಚ್ಚಲಿನ ಹೊರಗೆ ತೆರೆದ ಗಾಳಿಯಲ್ಲಿ ಕೂಡ್ರಿಸತಕ್ಕದ್ದು. ಅದಾಗುವ ವರೆಗೆ ಬಕೀಟನ್ನು ತುಂಬಿಸಿ, ಉರಿ ಆರಿಸಿ, ಬಾಗಿಲು ತೆರೆದು ಕೆಲಹೊತ್ತು ಗಾಳಿಯಾಡಿಸಿ ಸ್ನಾನಕ್ಕೆ ಹೋಗಬೇಕು.

ಎಚ್ಚರಿಸುವ ಕಾವಲಿನ ಕಲ್ಪನೆಯು ಹೊಸದಲ್ಲ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಸ್ಕಾಟ್ಲಂಡಿನ ಶಾಸ್ತ್ರಜ್ಞನು ಈ ವಾಯುವನ್ನು ತಾನೇ ಸೇವಿಸಿ ಪರಿಣಾಮಗಳನ್ನು ಬರೆದಿಟ್ಟು 1895ರಲ್ಲಿ ಪ್ರಕಟಿಸಿದನು. ಗಣಿಗಳಲ್ಲಿ ಸಣ್ಣ ಪ್ರಾಣಿಗಳನ್ನು ಒಯ್ದರೆ ಅವು ಮನುಷ್ಯರಿಗಿಂತ ಮೊದಲೇ ಬಳಲಿ ಸೂಚನೆ ಕೊಡುವವೆಂದು ತೋರಿಸಿದನು. ಹೀಗೆ ಕೆನರಿ ಎಂಬ ಪುಟ್ಟ ಹಕ್ಕಿಯು ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ 1986ರ ವರೆಗೂ ದುಡಿಯಿತು. ಆ ಮೇಲೆ ಯಂತ್ರವು ಬಂದು ಹಕ್ಕಿಗೆ ಬಿಡುಗಡೆಯಾಯಿತು. ಇಂಗ್ಲಂಡಿನಲ್ಲಿ ಕಟ್ಟಿಗೆ, ಕಲ್ಲಿದ್ದಲು ಉರಿಸುವ ಬಾಡಿಗೆಯ ಕೋಣೆಗಳಲ್ಲಿ ಮನೆಯ ಒಡೆಯನು ಈ ಅಲಾರ್ಮನ್ನು ಇಡಲೇಬೇಕೆಂದು 2015ರಲ್ಲಿ ಕಾಯಿದೆಯಾಯಿತು. ಅಂಟಿನುಂಡಿಗೆ ಉತ್ತತ್ತಿ, ಕೊಬ್ಬರಿಗಳ ಯಾದಿಯನ್ನು ತಿಂಗಳು ಮೊದಲೇ ಬರೆಯುವ ತವರಿನವರು ಆ ಯಾದಿಯಲ್ಲಿ ಈ ಯಂತ್ರದ ಹೆಸರನ್ನೂ ಸೇರಿಸಬೇಕೆಂದು ನಾನು ಕೇಳಿಕೊಳ್ಳುವೆನು. ತೊಟ್ಟಿಲ ದಿನದ ಸೀರೆಗಳಲ್ಲಿ ಒಂದನ್ನು ಕಡಿಮೆಮಾಡಿದರೆ ಅದರ ಬೆಲೆ ಹೊರಡುವದು.

ಕೊಳ್ಳುವಾಗ ಒಂದು ಮೋಸದ ಬಗ್ಗೆ ಎಚ್ಚರವಿರಲಿ. ಗ್ಯಾಸು ಸೋರಿದರೆ ಕೂಗುವ ಯಂತ್ರವು ಬೇರೆ, ಇದು ಬೇರೆ. ಅಂಗಡಿಕಾರನು ಎರಡೂ ಒಂದೇ ಎಂದರೆ ನಂಬಬೇಡಿರಿ. ಪೆಟ್ಟಿಗೆಯ ಮೇಲೆ ಕಾರ್ಬನ್ ಮೊನಾಕ್ಸೈಡ್ ಎಂಬ ಹೆಸರೂ ಇಎನ್ 50291 ಅಥವಾ ಯುಎಲ್ 2034 ಎಂಬ ಗುರುತೂ ಇರಬೇಕು. ಸೋರಿದ ಗ್ಯಾಸು ಭಾರವಾದ್ದರಿಂದ ನೆಲದಲ್ಲಿ ಹರಿಯುವದು. ಈ ವಿಷವಾದರೋ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ್ದಾಗಿ ಅದರಲ್ಲಿ ಬೆರೆಯುವದು. ಆದದರಿಂದ ಮಲಗುವ ಕೋಣೆಯಲ್ಲಿ ಮಲಗಿದವರ ತಲೆಯ ಎತ್ತರಕ್ಕೆ ಇಡುವದು ಒಳ್ಳೆಯದು. ಪರದೆಯ ಹಿಂದೆ, ಕಪಾಟಿನೊಳಗೆ, ಹಬೆಯಾಡುವ ಬಚ್ಚಲಿನೊಳಗೆ ಬೇಡ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 50 ಪಾಲು ವಿಷವು ಒಂದು ಗಂಟೆಗೂ ಮೇಲ್ಪಟ್ಟು ನಿಂತರೆ ಇಎನ್ ಗುರುತಿನ ಯಂತ್ರವು ಕೂಗುವದು. 300 ಪಾಲಿದ್ದರೆ 3 ನಿಮಿಷದೊಳಗೆ ಕೂಗುವದು. ಸುಮ್ಮನೆ ಕೂಗುತ್ತದೆಂದು ಅದರ ಸೆಲ್ಲನ್ನು ತೆಗೆದಿಡುವ ಮನೆಯವರಿಗೆ ಈ ಲೆಕ್ಕವು ತಿಳಿದಿರಬೇಕು.

ಅದು ಕೂಗಿತೆಂದರೆ ಎಲ್ಲರನ್ನೂ, ಮೊದಲು ಕೂಸನ್ನೂ ಬಾಣಂತಿಯನ್ನೂ, ಬಯಲಿಗೆ ಕರೆತನ್ನಿರಿ; ಬಾಗಿಲುಗಳನ್ನು ತೆರೆಯಿರಿ; 108ಕ್ಕೆ ಫೋನು ಮಾಡಿರಿ. ತಲೆನೋವು ಇಳಿಯಿತೆಂದು ಮರಳಿ ಒಳಗೆ ಮಲಗಬಾರದು. ಕೊರೋನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರು ಅನೇಕರ ಮನೆಯಲ್ಲಿದೆ. ಅದನ್ನು ಈ ವಿಷಯದಲ್ಲಿ ನಂಬಕೂಡದು, ಯಾಕಂದರೆ ವಿಷವಂಟಿದ ರಕ್ತವನ್ನೂ ಅದು ಒಳ್ಳೆಯ ರಕ್ತವೆಂದೇ ಓದಿ ದೊಡ್ಡ ಅಂಕಿಯನ್ನು ತೋರಿಸುವದು. ಡಾಕ್ಟರರಿಗೆ ಕೋಣೆಯಲ್ಲಿ ಕೆಂಡವಿತ್ತೆಂದೋ ಗೀಸರು ಉರಿಯುತ್ತಿತ್ತೆಂದೋ ಸ್ಪಷ್ಟವಾಗಿ ಹೇಳಿರಿ. ಶುದ್ಧ ಪ್ರಾಣವಾಯುವನ್ನು ಕೊಟ್ಟರೆ ವಿಷವು ಬಹು ಬೇಗನೆ ಇಳಿಯುವದು.

ಯಂತ್ರಕ್ಕೂ ಆಯುಷ್ಯವುಂಟು, ಮಾದರಿಗೆ ತಕ್ಕಂತೆ 5ರಿಂದ 10 ವರ್ಷ, ಅದರ ಬೆನ್ನ ಮೇಲೆಯೇ ತಾರೀಖು ಬರೆದಿರುವದು. ತಿಂಗಳಿಗೊಮ್ಮೆ ಪರೀಕ್ಷೆಯ ಗುಂಡಿಯನ್ನು ಒತ್ತಿ ನೋಡಿರಿ. ಆ ದಿನವನ್ನು, ಸಿಲಿಂಡರ್ ಹಚ್ಚಿದ ತಾರೀಖನ್ನು ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಗುರುತುಹಾಕಿರಿ.