ಹೀರೋ ಪಕ್ಕದವನಿಗೊಂದು ಕೋಟು

ಈ ವಾರ ಹೀರೋಗಳ ಸುದ್ದಿ ಬಿಟ್ಟುಬಿಡೋಣ. ಹೀರೋ ಪಕ್ಕದಲ್ಲಿ ನಿಲ್ಲುವವನ ಸುದ್ದಿ ಮಾತಾಡೋಣ. ಅದರಲ್ಲೂ ಅವನು ಹಾಕಿಕೊಳ್ಳುವ ಬಟ್ಟೆಯ ಸುದ್ದಿ! 'ಇದೇನು ಸ್ವಾಮಿ, ಬರೆಯೋಕೆ ಬೇರೆ ವಿಷಯ ಸಿಗಲಿಲ್ಲವೇ?' ಎಂದು ಸಿರಾ ಬಸ್ ಸ್ಟ್ಯಾಂಡಿನಲ್ಲಿ ಕಡ್ಲೆಕಾಯಿ ಸುಲಿಯುತ್ತಾ ಓದುತ್ತಿರುವ ತಮ್ಮಂದಿರು ಮುಖ ಸಿಂಡರಿಸಬಹುದು. ಸ್ವಲ್ಪ ತಾಳಿ. ಪಾವಗಡದ ಬಸ್ಸು ಹೊರಡೋಕೆ ಇನ್ನೂ ಟೈಮಿದೆ.

1968ರಲ್ಲಿ ದೊರೈ-ಭಗವಾನ್ ಜೋಡಿ ನಮ್ಮ ಅಣ್ಣಾವ್ರಿಗೆ ಪಿಸ್ತೂಲು ಕೊಟ್ಟು ಸಿ.ಐ.ಡಿ. 999 ಮಾಡಿತು. ಮೊದಲು 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999'. ಇಂಗ್ಲಿಷಿನವರಿಗೆ ಜೇಮ್ಸ್ ಬಾಂಡ್ ಇದ್ದರೆ ನಮಗೆ 999! ಅದುವರೆಗೆ ಕಿರೀಟ, ಗದೆ, ರುದ್ರಾಕ್ಷಿಯಲ್ಲಿ ನೋಡಿದ್ದ ರಾಜ್‌ಕುಮಾರ್ ಸೂಟಿನಲ್ಲಿ ಬಂದರೆ ನೆಲದ ಟಿಕೀಟಿನವರಿಗೆಲ್ಲ ಮೈಯೆಲ್ಲ ಜುಮ್. ಗೋವಾ ಚಿತ್ರದಲ್ಲಿ ಜೊತೆಗೆ ಇದ್ದವರು ಯಾರು? ನರಸಿಂಹರಾಜು! ನಮ್ಮ ಜಿಲ್ಲೆಯ ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ಹಾಸ್ಯ ಚಕ್ರವರ್ತಿ. ಅಣ್ಣಾವ್ರೂ ಅವರೂ ಗುಬ್ಬಿ ಕಂಪನಿಯ ರಂಗ ಕಂಡು ಬಂದವರು, 1954ರ 'ಬೇಡರ ಕಣ್ಣಪ್ಪ'ದಲ್ಲಿ ಒಟ್ಟಿಗೆ ತೆರೆ ಮೇಲೆ ಕಾಣಿಸಿಕೊಂಡವರು.

ಆ ಗೋವಾ ಚಿತ್ರವನ್ನು ನಾನು ನೋಡಿದ್ದು ಬಿಡುಗಡೆಯಾದ ಎಷ್ಟೋ ವರ್ಷದ ಮೇಲೆ, ಎಪ್ಪತ್ತರ ದಶಕದಲ್ಲಿ, ಟೂರಿಂಗ್ ಟೆಂಟಿನಲ್ಲಿ. ಆಗ ನಾನು ಹೈಸ್ಕೂಲು. ಕೊರಟಗೆರೆ ಕಡೆಯ ನಮ್ಮ ಹಳ್ಳಿಯಿಂದ ಮಧುಗಿರಿ ದಿಕ್ಕಿಗೆ ಸೈಕಲ್ ಸವಾರಿ. ಸವಾರಿ ಎಂದರೆ ನಾನು ಕ್ಯಾರಿಯರ್ ಮೇಲೆ, ತುಳಿಯೋನು ನನ್ನ ಗೆಳೆಯ. ಅವನ ಹೆಸರು ಇಲ್ಲಿ ಬರೆಯೋದಿಲ್ಲ, ಬರೆದರೆ ಬೈತಾನೆ. ಹೋಗೋವಾಗಲೂ ಅವನೇ ತುಳೀಬೇಕು, ನಡುರಾತ್ರಿ ವಾಪಸು ಬರೋವಾಗಲೂ ಅವನೇ. ಬೆಳದಿಂಗಳಲ್ಲಿ ಮಧುಗಿರಿ ಏಕಶಿಲಾ ಬೆಟ್ಟ ಮಲಗಿದ ಆನೆಯ ಹಾಗೆ ಹಿಂದೆ ಉಳಿಯುತ್ತಿತ್ತು. ನಾನು ಹಿಂದೆ ಕೂತು ಅಣ್ಣಾವ್ರ ಡೈಲಾಗ್ ಹೊಡೀತಿದ್ದೆ, ಅವನು ಉಸಿರು ಬಿಡುತ್ತಾ ನರಸಿಂಹರಾಜು ನಗೆ ನಗ್ತಿದ್ದ. ಯಾರು ಹೀರೋ, ಯಾರು ಪಕ್ಕದೋನು ಎಂದು ನಮ್ಮಿಬ್ಬರಲ್ಲಿ ಮಾತೇ ಆಗಿರಲಿಲ್ಲ. ತಾನಾಗಿ ತೀರ್ಮಾನವಾಗಿತ್ತು.

ಚಿತ್ರ ನೋಡಿ ಬಂದ ಮೇಲೆ ಅವನಿಗೊಂದು ಹುಚ್ಚು ಹಿಡಿಯಿತು. 'ಲೇ, ಅಣ್ಣಾವ್ರಿಗೆ ಸೂಟು ಐತೆ. ಜೊತೆಗಿರೋನಿಗೆ ಅಂತಾನೇ ಒಂದು ಡ್ರೆಸ್ ಬ್ಯಾಡ್ವೇನ್ಲಾ?' ಎಂದ. ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಚಿತ್ರ ಬರೆಯೋಕೆ ಶುರು ಮಾಡಿದ. ಗಾಂಧಿನಗರದ ಯಾವ ನಿರ್ಮಾಪಕರೂ ಕೇಳಿರಲಿಲ್ಲ, ಯಾವ ದರ್ಜಿಯೂ ಹೊಲಿದಿರಲಿಲ್ಲ. ಸಿ.ಐ.ಡಿ. 999ರ ಸಹಾಯಕನಿಗೆ ಕೊರಟಗೆರೆ ತಾಲ್ಲೂಕಿನಲ್ಲಿ ಡ್ರೆಸ್ ಡಿಸೈನ್!

ಮೊದಲನೆಯದು ಹೀರೋ ಉಡುಗಿಸಿಟ್ಟ ಹಳೇ ಕೋಟು. ಭುಜ ಮೊಣಕೈಗೆ ಇಳಿದಿದೆ, ತೋಳು ಬೆರಳು ದಾಟಿದೆ. ಇದು ನಗಿಸೋಕೆ ಸರಿ. ಆದರೆ ಅದನ್ನು ಅವನೇ ಅಡ್ಡಗೆರೆ ಎಳೆದು ಹೊಡೆದುಹಾಕಿದ. 'ಇದ್ನ ಹಾಕ್ಕೊಂಡು ಓಡಕ್ಕಾಗಲ್ಲ ಕಣ್ಲಾ. ವಿಲನ್ ಬಂದ್ರೆ ಮೊದ್ಲು ಸಿಕ್ಕಾಕ್ಕೊಳೋನು ನಾನೇ.'

ಎರಡನೆಯದು ಅವನ ಪ್ರಕಾರ ಪಾವಗಡ ಮಾಡೆಲ್. ಅಲ್ಲಿ ಅವನ ಅಕ್ಕನನ್ನು ಕೊಟ್ಟಿದ್ದರು. ಪಾವಗಡವೆಂದರೆ ಸುತ್ತ ಮೂರು ಕಡೆ ಆಂಧ್ರ. ಬಿಸಿಲೋ ಬಿಸಿಲು. ಈಗ ಅದೇ ಬಿಸಿಲಿಗೆ ಗಾಜಿನ ಹಲಗೆ ಹಾಸಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಮಾಡಿದ್ದಾರೆ, ಆಗ ಅದು ಬರೀ ತಲೆ ಸುಡುತ್ತಿತ್ತು. ಅಕ್ಕನ ಊರಿಗೆ ಹೋದಾಗಲೆಲ್ಲ ಅವನು ತೆಲುಗು ಚಿತ್ರ ನೋಡಿ ಬರ್ತಿದ್ದ, ಅದರಲ್ಲೂ ವಿಠಲಾಚಾರ್ಯರ ಕತ್ತಿವರಸೆ, ಮಾಟ-ಮಂತ್ರದ ಚಿತ್ರಗಳು. ಆ ವಿಠಲಾಚಾರ್ಯರು ನಮ್ಮ ಉಡುಪಿ ಕಡೆಯವರೇ, ಮೊದಲು ಕನ್ನಡ ಚಿತ್ರ ತೆಗೆದು ಆಮೇಲೆ ತೆಲುಗಿಗೆ ಹೋದವರು. ನಟ ತಕರಾರು ಮಾಡಿದರೆ ಕಥೆಯಲ್ಲಿ ಅವನನ್ನು ಕೋತಿಯೋ ಗಿಣಿಯೋ ಮಾಡಿ ಚಿತ್ರ ಮುಗಿಸುತ್ತಿದ್ದರು ಎಂಬ ಕಥೆ ಚಿತ್ರರಂಗದಲ್ಲಿ ಇವತ್ತಿಗೂ ಓಡಾಡುತ್ತದೆ. ಸರಿ, ಪಾವಗಡ ಮಾಡೆಲ್‌ನಲ್ಲಿ ತಲೆಗೆ ಒದ್ದೆ ಟವೆಲ್, ಕಾಲಿಗೆ ಟೈರಿನ ಚಪ್ಪಲಿ, ಬೆನ್ನಿಗೆ ಕರೀ ಕಂಬಳಿ. ಕಂಬಳಿ ಯಾಕಪ್ಪಾ ಆ ಸೆಕೆಯಲ್ಲಿ? ಅವನ ಉತ್ತರ ನೋಡಿ: ಮಳೆ ಬಂದರೆ ತಲೆಗೆ ಗೊಪ್ಪೆ, ರಾತ್ರಿ ಹೊದಿಕೆ, ಟೆಂಟಿನಲ್ಲಿ ಹಾಸಿಗೆ, ವಿಲನ್ ಮೇಲೆ ಎಸೆದರೆ ಬಲೆ! ಅಮೆರಿಕದ ಬ್ಯಾಟ್‌ಮ್ಯಾನ್ ಬೆನ್ನಿಗೆ ಕಟ್ಟಿಕೊಳ್ಳೋ ಕರೀ ಬಟ್ಟೆಯಿಂದ ಇಷ್ಟು ಕೆಲಸ ಆಗುತ್ತದೆಯೇ, ನೀವೇ ಹೇಳಿ. ಕುರಿ ಕಾಯೋರು ನೂರಾರು ವರ್ಷದಿಂದ ಹಾಕಿಕೊಂಡು ಬಂದ ವೇಷ ಇದು.

ಮೂರನೆಯದೇ ಮುಖ್ಯವಾದದ್ದು. ಖಾಕಿ ಅಂಗಿ, ಖಾಕಿ ಪ್ಯಾಂಟು, ಮೈತುಂಬ ಜೇಬು. ಎಣಿಸಿದರೆ ಹದಿನಾಲ್ಕು. ಹೀರೋ ಸೂಟಿಗೆ ಜೇಬು ಉಬ್ಬಬಾರದು, ಇಸ್ತ್ರಿ ಕೆಡಬಾರದು. ಹಾಗಾದರೆ ಸಾಮಾನು ಎಲ್ಲಿ ಹೋಗಬೇಕು? ಪಕ್ಕದೋನ ಮೈಮೇಲೆ! ಹೀರೋನ ಬಾಚಣಿಗೆ ಒಂದು ಜೇಬಿಗೆ, ಎಕ್ಸ್‌ಟ್ರಾ ಕೂಲಿಂಗ್ ಗ್ಲಾಸ್ ಒಂದಕ್ಕೆ, ಬೆಂಕಿಪೊಟ್ಟಣ, ಪಂಕ್ಚರ್ ಹಾಕೋ ಸೊಲ್ಯೂಷನ್, ಸ್ಪ್ಯಾನರ್, ಗಾಯಕ್ಕೆ ಹತ್ತಿ, ಹಸಿವಾದರೆ ಹುರಿಗಡಲೆ. ಬಣ್ಣದ ವಿಚಾರಕ್ಕೆ ನಮ್ಮಿಬ್ಬರಿಗೂ ಜಗಳ ಬಿತ್ತು. ಗೋವಾ ಚಿತ್ರ ಕಪ್ಪು-ಬಿಳುಪು. ಅಣ್ಣಾವ್ರ ಸೂಟು ನೀಲಿ ಎಂದು ನಾನು, ಬೂದಿ ಎಂದು ಅವನು. 'ಹೀರೋಗೆ ಯಾವ ಬಣ್ಣ ಆದ್ರೂ ಹಾಕ್ಕಳ್ಳಿ, ನಂದು ಖಾಕಿ. ಕೊಳೆ ಕಾಣಲ್ಲ' ಎಂದು ಮುಗಿಸಿದ. ಮುಖವಾಡ ಬೇಡವೇ ಎಂದು ಕೇಳಿದೆ. 'ನನ್ನ ಮುಖ ಯಾರ್ಲಾ ನೋಡ್ತಾರೆ? ಮುಖವಾಡ ನಿಂಗೆ ಬೇಕು' ಎಂದ. ನಾನು ನಕ್ಕುಬಿಟ್ಟೆ. ಅದು ತಮಾಷೆ ಅಂತಲೇ ತಿಳಿದಿದ್ದೆ.

ಸ್ಕೂಲ್ ಡೇ ಬಂತು. ಛದ್ಮವೇಷ ಸ್ಪರ್ಧೆಗೆ ಇಬ್ಬರೂ ಹೆಸರು ಕೊಟ್ಟೆವು: ಸಿ.ಐ.ಡಿ. 999 ಮತ್ತು ಸಹಾಯಕ. ನನಗೆ ಮದುವೆ ಬ್ಯಾಂಡ್‌ಸೆಟ್ಟಿನವರ ಕೋಟು, ಬೂಟು ಬಾಡಿಗೆಗೆ ಸಿಕ್ಕಿತು. ಹಿತ್ತಾಳೆ ಗುಂಡಿ ಕಿತ್ತು ಕರೀ ಗುಂಡಿ ಹಾಕಿಕೊಟ್ಟೋನು ಅವನೇ. ತನಗೆ ಅವರಪ್ಪನ ಹಳೇ ಖಾಕಿ ಬಿಚ್ಚಿ, ವಾರವಿಡೀ ರಾತ್ರಿ ಸೀಮೆಎಣ್ಣೆ ಬುಡ್ಡಿ ಮುಂದೆ ಕೂತು ಕೈಹೊಲಿಗೆಯಲ್ಲಿ ಜೇಬು ಜೋಡಿಸಿದ. ಕಾರ್ಯಕ್ರಮದ ದಿನ ಪರದೆ ಸಂದಿಯಿಂದ ಇಣುಕಿದೆ. ಮುಂದಿನ ಸಾಲಿನಲ್ಲಿ ಪಟ್ಟಣದ ಹುಡುಗರು, ಹುಡುಗಿಯರು, ಮೇಷ್ಟ್ರುಗಳು. ತಿರುಗಿ ಇವನನ್ನು ನೋಡಿದೆ. ಹದಿನಾಲ್ಕು ಜೇಬು, ಎಲ್ಲಾ ಜೇಬಿನಲ್ಲೂ ಸಾಮಾನು, ನಡೆದರೆ ಗಲಗಲ ಸದ್ದು. 'ನೀನು ಬರಬ್ಯಾಡ ಕಣೋ. ನಿನ್ನ ನೋಡಿ ನಗ್ತಾರೆ. ನನ್ನ ಸೀನು ಕೆಡುತ್ತೆ' ಎಂದೆ. ಅವನು ಒಂದು ಮಾತು ಆಡಲಿಲ್ಲ. ಬಾಚಣಿಗೆ ತೆಗೆದು ನನ್ನ ಕೈಗೆ ಕೊಟ್ಟ, 'ಕೂದ್ಲು ಎದ್ದೈತೆ, ಬಾಚ್ಕೋ' ಎಂದ. ಆಮೇಲೆ ಪರದೆ ಪಕ್ಕ ನಿಂತ.

ನನಗೆ ಎರಡನೇ ಬಹುಮಾನ ಬಂತು, ಒಂದು ಸ್ಟೀಲ್ ಲೋಟ. ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದದ್ದು ಪರದೆ ಪಕ್ಕದಿಂದ.

ಅದನ್ನು ನಾನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮರೆತ ಹಾಗೆ ಇದ್ದೆ. ನೆನಪು ಮಾಡಿಸಿದ್ದು ಹಾಲಿವುಡ್ಡು! ಬ್ಯಾಟ್‌ಮ್ಯಾನ್ ಜೊತೆಗಾರ ರಾಬಿನ್ ಗೊತ್ತಲ್ಲ? 1940ರಲ್ಲಿ ಕಾಮಿಕ್ ಪುಸ್ತಕದಲ್ಲಿ ಹುಟ್ಟಿದ ಹುಡುಗ: ಕೆಂಪು ಅಂಗಿ, ಹಸಿರು ಚಡ್ಡಿ, ಬೆನ್ನಿಗೆ ಹಳದಿ ಬಟ್ಟೆ. ಯಜಮಾನ ಕತ್ತಲಲ್ಲಿ ಕತ್ತಲಾಗಿ ನಿಂತರೆ ಈ ಹುಡುಗ ಜಾತ್ರೆ ಪೀಪಿ ಮಾರೋನ ಹಾಗೆ ಹೊಳೆಯುತ್ತಾನೆ. ಗುಂಡು ಮೊದಲು ಯಾರಿಗೆ ಬೀಳಬೇಕು? 1989ರಲ್ಲಿ ಟಿಮ್ ಬರ್ಟನ್ 'ಬ್ಯಾಟ್‌ಮ್ಯಾನ್' ತೆಗೆದಾಗ ಚಿತ್ರಕಥೆಯಲ್ಲಿದ್ದ ರಾಬಿನ್‌ಗೆ ಕತ್ತರಿ ಬಿತ್ತು. 1992ರ 'ಬ್ಯಾಟ್‌ಮ್ಯಾನ್ ರಿಟರ್ನ್ಸ್'ಗೆ ಮತ್ತೆ ಕರೆತರೋಣ ಎಂದುಕೊಂಡರು. ಮಾರ್ಲನ್ ವೇಯನ್ಸ್ ಎಂಬ ಕರಿಯ ಹುಡುಗನನ್ನು ಆರಿಸಿ, ಡ್ರೆಸ್ಸಿಗೆ ಅಳತೆಯನ್ನೂ ತೆಗೆದುಕೊಂಡರು. ಬರಹಗಾರ ಡೇನಿಯಲ್ ವಾಟರ್ಸ್ ಯೋಚಿಸಿದ್ದ ರಾಬಿನ್ ಹೇಗಿದ್ದ ಗೊತ್ತೇ? ಗ್ಯಾರೇಜಿನ ಮೆಕ್ಯಾನಿಕ್! ಹಳೇ ಕಾಲದ ಮೆಕ್ಯಾನಿಕ್ ಯೂನಿಫಾರಂ, ಎದೆ ಮೇಲೆ ಇಂಗ್ಲಿಷಿನ 'ಆರ್' ಅಕ್ಷರ. ಅಷ್ಟೇ. ಆಮೇಲೆ ಪಾತ್ರಗಳು ಜಾಸ್ತಿಯಾದವು ಎಂದು ಕೈಬಿಟ್ಟರು. 1995ರಲ್ಲಿ ರಾಬಿನ್ ತೆರೆಗೆ ಬಂದಾಗ ಡೈರೆಕ್ಟರ್ ಬೇರೆ, ನಟ ಬೇರೆ, ಡ್ರೆಸ್ಸೂ ಬೇರೆ.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಗ್ಯಾರೇಜ್ ಬಟ್ಟೆ ಹಾಕಿದ ಜೊತೆಗಾರನನ್ನು ನಾನು ಇಪ್ಪತ್ತು ವರ್ಷ ಮುಂಚೆಯೇ ನೋಡಿದ್ದೆನಲ್ಲ!

ನಮ್ಮ ಕಡೆ ಈ ಪಕ್ಕದವನನ್ನು ಕೀಳಾಗಿ ನೋಡುವ ಪದ್ಧತಿಯೇ ಇರಲಿಲ್ಲ. ಬಯಲಾಟದ ಕೋಡಂಗಿಗೆ ತನ್ನದೇ ವೇಷ ಇದೆ, ರಾಜನ ಹಳೇ ಬಟ್ಟೆ ಅವನಿಗೆ ಬೇಕಿಲ್ಲ. ಗುಬ್ಬಿ ವೀರಣ್ಣನವರು ಕಂಪನಿಗೇ ಮಾಲೀಕರು, ಮನಸ್ಸು ಮಾಡಿದ್ದರೆ ದಿನಾ ರಾಜನ ಪಾತ್ರ ಹಾಕಬಹುದಿತ್ತು. ಅವರು ಹೆಸರು ಮಾಡಿದ್ದು ಹಾಸ್ಯದಲ್ಲಿ, 'ಸದಾರಮೆ'ಯ ಕಳ್ಳನಾಗಿ. ದ್ವಾರಕೀಶ್ ಅವರನ್ನೇ ನೋಡಿ, ಹೀರೋ ಪಕ್ಕದಲ್ಲಿ ನಿಂತು ಸಾಕಾಗಿ 1972ರಲ್ಲಿ 'ಕುಳ್ಳ ಏಜೆಂಟ್ 000' ಆದರು. 999ಕ್ಕೆ ಮೂರು ಸೊನ್ನೆಯ ಜವಾಬು! 2024ರಲ್ಲಿ ಅವರು ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದು ಆ ಸೊನ್ನೆಗಳೇ.

ಇನ್ನೊಂದು ಮಾತು. 1965ರ 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರಲ್ಲ, ಎಲ್ಲರೂ ಅಣ್ಣಾವ್ರನ್ನು ನೋಡೋಕೆ ಹೋದರು. ನಾನು ಹೋದದ್ದು ನಕ್ಷತ್ರಿಕನನ್ನು ನೋಡೋಕೆ. ನಕ್ಷತ್ರಿಕ ಹೀರೋಗೆ ಜೊತೆಗಾರನಲ್ಲ, ಕಾಟ ಕೊಡೋನು, ನಿಜ. ಆದರೆ ನರಸಿಂಹರಾಜು 1979ರಲ್ಲೇ ಹೋಗಿಬಿಟ್ಟರು. ಅವರ ಆ ಬಟ್ಟೆಗೆ ಆಮೇಲೆ ಯಾರೋ ಕೂತು ಯೋಚಿಸಿ ಬಣ್ಣ ಹಾಕಿದ್ದಾರೆ. ಅದನ್ನೊಂದು ಸಲ ನೋಡಬೇಕೆನಿಸಿತ್ತು.

ಹೋದ ತಿಂಗಳು ಸಿರಾಕ್ಕೆ ಹೋಗಿದ್ದೆ. ಗೆಳೆಯನದು ಈಗ ಅಲ್ಲಿ ಹೈವೇ ಪಕ್ಕ ಲಾರಿ ಗ್ಯಾರೇಜು, ಮಗನೂ ಜೊತೆಗಿದ್ದಾನೆ. ಈ ಅಂಕಣಕ್ಕೆಂದು ನೆನಪಿನಿಂದ ಅವನ ಖಾಕಿ ಡ್ರೆಸ್ಸಿನ ಚಿತ್ರ ಬರೆದುಕೊಂಡು ಹೋಗಿದ್ದೆ. ಬನಿಯನ್ನಿಗೆ ಕೈ ಒರೆಸಿಕೊಂಡು ಹಾಳೆ ಹಿಡಿದ. ಕನ್ನಡಕ ಹುಡುಕಿ ಹಾಕಿಕೊಂಡ. ಬೆರಳಿಟ್ಟು ಎಣಿಸಿದ.

'ಹದ್ನಾಲ್ಕಲ್ಲ ಕಣ್ಲಾ, ಹದಿನೈದು. ಇಲ್ಲಿ ಬೆನ್ನಿಗೆ ಒಂದು ದೊಡ್ದು ಇತ್ತು. ನೀನು ನೋಡಿಲ್ಲ.'

'ಬೆನ್ನಿಗೆ ಯಾಕೋ?'

'ನೀನು ಬ್ಯಾಂಡ್‌ಸೆಟ್ ಬೂಟ್ ಹಾಕ್ಕೊಂಡಿದ್ದಲ್ಲ. ನಿನ್ನ ಚಪ್ಪಲಿ ಎಲ್ಲಿ ಇಡ್ಲಿ ಮತ್ತೆ?'

ನನಗೆ ಮಾತು ಹೊರಡಲಿಲ್ಲ. ಏನೋ ಒಂದು ಹೇಳಬೇಕಲ್ಲ ಎಂದು ಹಾಲಿವುಡ್ ರಾಬಿನ್ ಕಥೆ ಶುರು ಮಾಡಿದೆ. ಪೂರ್ತಿ ಕೇಳಿಸಿಕೊಂಡ. 'ಆ ಹುಡುಗನಿಗೆ ದುಡ್ಡು ಕೊಟ್ರಾ?' ಎಂದ. ಕೊಟ್ಟರು ಎಂದೆ. 'ಹಂಗಾದ್ರೆ ಸರಿ' ಎಂದು ಹಾಳೆ ಮಡಿಸಿ ಜೇಬಿಗೆ ಇಟ್ಟುಕೊಂಡ. ಟೀ ತರಿಸಿದ. ಗಾಜಿನ ಲೋಟ ನನ್ನ ಕೈಗೆ ಕೊಡುತ್ತಾ, 'ಆ ಸ್ಟೀಲ್ ಲೋಟ ಐತೇನ್ಲಾ ಇನ್ನೂ?' ಎಂದ.

ಇದೆ. ಅಂಚು ಒಂದು ಕಡೆ ತಗ್ಗಿದೆ. ಬರುವ ಸೋಮವಾರ ಮಧುಗಿರಿಯಿಂದ ಸಿರಾ ಬಸ್ಸು ಹತ್ತುವಾಗ ಅದು ನನ್ನ ಚೀಲದಲ್ಲಿರುತ್ತದೆ.