ಚೀನದ ಬಾಣಂತನ: ಉಳಿಸತಕ್ಕದ್ದು, ಬಿಡತಕ್ಕದ್ದು

ಹೆರಿಗೆಯ ಬಳಿಕ ಬಾಣಂತಿಯನ್ನು ಒಂದು ತಿಂಗಳು ಮನೆಯೊಳಗಿರಿಸಿ ಆರೈಕೆ ಮಾಡುವ ಪದ್ಧತಿಯನ್ನು ಚೀನೀಯರು ‘ತಿಂಗಳು ಕೂರುವುದು’ ಎನ್ನುವರು. ಇದನ್ನು ಬರಿಯ ಮೂಢಾಚಾರವೆಂದು ತಳ್ಳಿಹಾಕಲು ನಾವು ಒಪ್ಪೆವು. ಗರ್ಭಕೋಶವು ಮೊದಲಿನ ಗಾತ್ರಕ್ಕೆ ಮರಳಲು ಸುಮಾರು 6 ವಾರಗಳು ಬೇಕು. ಆ ಕಾಲದಲ್ಲಿ ವಿಶ್ರಾಂತಿಯು ಯುಕ್ತವೇ ಸರಿ. ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಹಂದಿಯ ಕಾಲು, ಶುಂಠಿ, ಮೊಟ್ಟೆಗಳನ್ನು ಸಿಹಿ ವಿನೆಗರಿನಲ್ಲಿ ಬೇಯಿಸಿ ಆಕೆಗೆ ಉಣಿಸುವರು. ಮೊಟ್ಟೆ ಮಾಂಸಗಳಿಂದ ಪ್ರೋಟೀನು ದೊರೆಯುವುದು. ವಿನೆಗರಿನ ಆಮ್ಲವು ಎಲುಬಿನ ಕ್ಯಾಲ್ಸಿಯಮ್ಮನ್ನು ಕೊಂಚ ಕರಗಿಸಿ ಸಾರಿಗೆ ಸೇರಿಸುವುದು.

ಆದರೆ ಗಾಳಿ ಸೋಕದಂತೆ ಕಿಟಕಿ ಮುಚ್ಚಿ, ಹೊದಿಕೆ ಹೊದಿಸುವ ಕಟ್ಟಳೆ ಅಪಾಯಕರ. ಬೆವರು ಆರದಿದ್ದರೆ ದೇಹದ ತಾಪ ಇಳಿಯದು. 2015ರ ಬೇಸಗೆಯಲ್ಲಿ ಶಾಂಘೈ ನಗರದ ಬಾಣಂತಿಯೊಬ್ಬಳು ಹೀಗೆ ದಪ್ಪ ಹೊದಿಕೆಯೊಳಗಿದ್ದು ಉಷ್ಣಾಘಾತದಿಂದ ಮೃತಳಾದಳು. ಊಟವನ್ನೂ ವಿಶ್ರಾಂತಿಯನ್ನೂ ಉಳಿಸಿಕೊಂಡು ಕಿಟಕಿಯನ್ನು ತೆರೆದಿಡುವುದೇ ವಿವೇಕವೆಂದು ನಮ್ಮ ಅಭಿಪ್ರಾಯ.